ಜಗಲಿ ಕಂಬದ ಮೊಳೆ

"ಎಂಚು ಬದಲಾಯ್ಸಿ ಅಳಿಯಂದ್ರೆ, ಗೋಡೆ ಕೆತ್ತಿ, ಬಣ್ಣ ಒಡೀರಿ, ಏನಾರ ಮಾಡಿ. ಆ ಕಂಬದ ಮೊಳೆ ಮಾತ್ರ ಮುಟ್ಬೇಡಿ. ಅದ್ರ ಮೇಲೆ ನೀರು ಬೀಳೋದ್ನೂ ತಡೀಬೇಡಿ."

ಚನ್ನಾಜಮ್ಮ ಇಷ್ಟು ಹೇಳಿ ಚೊಂಬಿನ ಉಪ್ಪುನೀರನ್ನು ಜಗಲಿಯ ಕಂಬಕ್ಕೆ ಸುರಿದರು. ಎದೆಮಟ್ಟದಲ್ಲಿ ಹೊಡೆದಿದ್ದ ದಪ್ಪ ಕಬ್ಬಿಣದ ಮೊಳೆಯಿಂದ ಕೆಂಪು ನೀರು ಇಳಿದು ಜಗಲಿಯ ಕಲ್ಲಿನ ಮೇಲೆ ನಿಂತಿತು.

ಅಳಿಯ ನಂಜೇಶ್ ನಕ್ಕುಬಿಟ್ಟ. ನಂಜನಗೂಡಿನವನಾದರೂ ಅವನು ಮೀಸೆ ಚಿಗುರುವ ಮೊದಲೇ ಕರಾವಳಿಗೆ ಹೋಗಿ, ಮಲ್ಪೆಯಿಂದ ಕಾರವಾರದ ತನಕ ಮನೆ ಕಟ್ಟಿ ಮೇಸ್ತ್ರಿಯಾದವನು. ಅಲ್ಲಿಯ ಮಳೆಯಲ್ಲಿ ಒಣಗಲು ಹಾಕಿದ ಅಂಗಿಗೆ ಹುಲ್ಲು ಬೆಳೆದು, ಎಮ್ಮೆ ಬಂದು ತೋಳಿನವರೆಗೆ ಮೇಯ್ದು ಹೋಗುತ್ತದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಹೊರಗೋಡೆಗೆ ಯಾವ ಗಾರೆ ನಿಲ್ಲುತ್ತದೆ, ಮಳೆಗೆ ಮುಖ ಕೊಟ್ಟ ಬಾಗಿಲಿಗೆ ಯಾವ ಮರ ಬೇಕು, ಸೂರು ಎಷ್ಟು ಮುಂದಕ್ಕೆ ಚಾಚಬೇಕು, ಎಲ್ಲ ಅವನ ಬೆರಳ ತುದಿಯಲ್ಲಿತ್ತು. ಕಬ್ಬಿಣವನ್ನು ಕಂಡರೆ ಅವನಿಗಾಗದು. ಉಪ್ಪುಗಾಳಿ ಕಬ್ಬಿಣವನ್ನು ಬೆಲ್ಲದ ಹಾಗೆ ನೆಕ್ಕಿ ಮುಗಿಸುವುದನ್ನು ಅವನು ಕಣ್ಣಾರೆ ನೋಡಿದ್ದ.

ತೊಂಬತ್ತೆಂಟರ ಮುಂಗಾರು. ಮದುವೆಯಾದ ಮೇಲೆ ಮೊದಲ ಬಾರಿಗೆ ಅವನು ಹೆಂಡತಿ ಚೈತ್ರಳ ಜೊತೆ ಸೋಸಲೆಯ ಈ ಮನೆಗೆ ಬಂದಿದ್ದ. ಕಾವೇರಿಯ ಶೀತಕ್ಕೆ ಗೋಡೆಯ ಸುಣ್ಣ ಹಪ್ಪಳದಂತೆ ಎದ್ದಿತ್ತು. ಮನೆಯ ಹೊರಮೈಯನ್ನೆಲ್ಲ ಸರಿಮಾಡಿ ಕೊಡುತ್ತೇನೆಂದು ಅವನೇ ಮಾತು ಕೊಟ್ಟಿದ್ದ. ಆದರೆ ಸೂರಿನಲ್ಲಿ, ಸರಿಯಾಗಿ ಆ ಕಂಬದ ಮೇಲೆ, ಹೆಂಚುಗಳನ್ನು ಬೇಕೆಂದೇ ತೆಗೆದಿಟ್ಟಿದ್ದರು.

"ನಿಮ್ಮವ್ವ ಕಂಬಕ್ಕೆ ಉಪ್ಪಿನಕಾಯಿ ಆಕ್ತಾವ್ರಲ್ಲೇ," ಎಂದ.

"ನಗ್ಬೇಡಿ. ಅಪ್ಪಾಜಿ ಜೀವ ಐತೆ ಅದ್ರಲ್ಲಿ," ಎಂದಳು ಚೈತ್ರ.

ಅವಳಪ್ಪ ಮಾದಯ್ಯ ನಡುಮನೆಯ ಮಂಚದ ಮೇಲಿದ್ದ. ಕೆಲವು ವರ್ಷಗಳ ಹಿಂದೆ, ಒಂದು ಯುಗಾದಿಯ ಮುಂಜಾನೆ, ಯಾರೋ ಈ ಮೊಳೆ ಹೊಡೆದು ಹೋಗಿದ್ದರು. ಮೊಳೆಗೆ ಕೂದಲು ಸುತ್ತಿತ್ತು, ಕೆಳಗೆ ಕುಂಕುಮ ಮೆತ್ತಿದ ಕೊಳೆತ ನಿಂಬೆಹಣ್ಣು ಬಿದ್ದಿತ್ತು. ಅದೇ ಬೆಳಗ್ಗೆ ಮಾದಯ್ಯ ಏಳಲಿಲ್ಲ. ಜ್ವರವಿಲ್ಲ, ನೋವಿಲ್ಲ. ಕತ್ತಿನಿಂದ ಕೆಳಗೆ ಚಿವುಟಿದರೂ ತಿಳಿಯದು. ನಾಲಿಗೆ ಕಟ್ಟಿಹೋಯಿತು. ಮೈಸೂರಿನ ಡಾಕ್ಟರು ಕೈಚೆಲ್ಲಿದ ಮೇಲೆ ಹೊಳೆಯಾಚೆಯ ಒಬ್ಬ ಮಂತ್ರವಾದಿ ಬಂದು ಮೊಳೆಯನ್ನು ಮೂಸಿ ನೋಡಿದ.

"ಇದು ಕಟ್ಟು ಕಣವ್ವ. ಕಿತ್ರೆ ಉಸ್ರೂ ಕಿತ್ಕಂಡು ಬತ್ತದೆ. ತಾನಾಗಿ ಸವೀಬೇಕು. ತುಕ್ಕು ತಿಂದಷ್ಟೂ ನಿನ್ ಗಂಡ ವಾಪಸ್ ಬತ್ತಾನೆ."

ಆ ಮಂತ್ರವಾದಿಯೂ ತೀರಿಕೊಂಡು ಬಹಳ ದಿನವಾಗಿತ್ತು. ಚನ್ನಾಜಮ್ಮ ಮಾತ್ರ ದಿನಾ ಬೆಳಗ್ಗೆ ಉಪ್ಪುನೀರು ಹೊಯ್ಯುವುದನ್ನು ಬಿಡಲಿಲ್ಲ. ಕಳೆದ ಮಳೆಗಾಲದಲ್ಲಿ ಮಾದಯ್ಯನ ಕಾಲ್ಬೆರಳು ಅಲುಗಿತು. ಈ ಶಿವರಾತ್ರಿಗೆ ಅವನ ಬಲಗೈ ತೆವಳಿಕೊಂಡು ಹೋಗಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿತು. ಈಗೀಗ ಮಗಳನ್ನು ಕಂಡರೆ "ಚೈ, ಚೈ" ಎನ್ನುತ್ತಿದ್ದ. ಪೂರ್ತಿ ಹೆಸರು ಬರಲು ಇನ್ನೊಂದೇ ಮಳೆಗಾಲ ಸಾಕೆಂದು ತಾಯಿ ಮಗಳು ಕಾಯುತ್ತಿದ್ದರು.

"ಲಕ್ವ ಒಡೆದೋರು ನಿಧಾನಕ್ಕೆ ಸರಿ ಓಯ್ತಾರೆ ಕಣೇ. ಅದ್ಕೂ ಮೊಳೆಗೂ ಏನ್ ಸಂಬಂಧ," ಎಂದು ನಂಜೇಶ್ ಬೀಡಿ ಹಚ್ಚಿದ.

ಸಂತೆಗೆಂದು ತಾಯಿ ಮಗಳು ನರಸೀಪುರದ ಬಸ್ಸು ಹತ್ತಿದ ದಿನ ಮಧ್ಯಾಹ್ನವೇ ಕತ್ತಲಾಯಿತು. ಬನ್ನೂರಿನ ಕಡೆಯಿಂದ ಎದ್ದ ಮೋಡ ಹೊಳೆಯ ಮೇಲೆ ಕಂಬಳಿಯಂತೆ ಬಿತ್ತು. ನಂಜೇಶ್ ಸೂರಿಗೆ ಹೆಂಚು ಹೊದಿಸಿ ಕೆಳಗಿಳಿದ. ಮೊಳೆಯ ಸುತ್ತ ಮರ ಕರ್ರಗೆ ಮೆತ್ತಗಾಗಿತ್ತು. ಬೆರಳಿಟ್ಟರೆ ನೆನೆದ ರೊಟ್ಟಿಯಂತೆ ಒಳಗೆ ಹೋಯಿತು. ಇನ್ನೆರಡು ಮಳೆ ಕಂಡರೆ ಕಂಬ ಮುರಿಯುತ್ತದೆ, ಸೂರು ಕುಸಿಯುತ್ತದೆ. ಮೊಳೆ ಕಿತ್ತು, ತೂತು ಮುಚ್ಚಿ, ಬಣ್ಣ ಬಳಿದರೆ ಅತ್ತೆಗೆ ಗೊತ್ತೂ ಆಗುವುದಿಲ್ಲ ಎಂದುಕೊಂಡು ಇಕ್ಕಳ ತೆಗೆದುಕೊಂಡ.

ಒಳಗಿನಿಂದ ಸದ್ದು ಬಂತು. "ಬೇ... ಬೇ..."

"ಸುಮ್ನೆ ಮಲಗಿ ಮಾವ. ಆಯ್ತು ಈಗ."

ಇಕ್ಕಳ ಕಚ್ಚಿತು. ಸುಟ್ಟ ಕೂದಲಿನ ವಾಸನೆ ಬಂತು. ಹುಳಿತ ನಿಂಬೆಯ ವಾಸನೆ. ಮೊಳೆ ಒಂದು ಅಂಗುಲ ಈಚೆ ಬಂದು, ಕತ್ತು ಹಿಸುಕಿದ ಪ್ರಾಣಿಯಂತೆ ಕಿರುಗುಟ್ಟಿತು. ಅವನು ಕಾಲು ಕೊಟ್ಟು ಎಳೆದ. ಬಂತು.

ಆಮೇಲೆ ಏನೂ ಕೇಳಿಸಲಿಲ್ಲ.

ಬಂದ ದಿನದಿಂದ ಆ ಮನೆಯಲ್ಲಿ ಒಂದು ಸದ್ದು ಸದಾ ಇತ್ತು. ಅದು ಮಾದಯ್ಯನ ಗೊರಗೊರ ಉಸಿರು ಎಂದು ನಂಜೇಶನಿಗೆ ತಿಳಿದದ್ದು ಅದು ನಿಂತಾಗ. ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದೇ ಒಳಗೆ ಓಡಿದ. ಕಣ್ಣು ತೆರೆದಿತ್ತು. ಬಾಯಿ ತೆರೆದಿತ್ತು. ಎದೆ ಏಳುತ್ತಿರಲಿಲ್ಲ. ತುಟಿ ನೀಲಿಯಾಗುತ್ತಿತ್ತು.

ಅವನು ಮತ್ತೆ ಜಗಲಿಗೆ ಬರುವಷ್ಟರಲ್ಲಿ, ಮಳೆಗೆ ಹೆದರಿ ಮಗಳ ಜೊತೆ ಬೇಗ ಮರಳಿದ ಚನ್ನಾಜಮ್ಮ ಅಂಗಳದಲ್ಲೇ ಚೀಲ ಬಿಟ್ಟರು. ಅವರು ಬರಿದಾದ ಕಂಬವನ್ನು ನೋಡಿದರು, ಅಳಿಯನ ಕೈಯನ್ನು ನೋಡಿದರು. ಬೈಯಲಿಲ್ಲ.

"ವಾಪಸ್ ಒಡೀರಿ," ಎಂದರು. "ಒಡೀರಿ ಬೇಗ."

ನಂಜೇಶ್ ಮುಷ್ಟಿ ಬಿಚ್ಚಿದ. ಮೊಳೆ ಇರಲಿಲ್ಲ. ಅಂಗೈಯಲ್ಲಿ ಕೆಂಪು ಪುಡಿಯಿತ್ತು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ತಾನೇ ಉದುರಿಹೋಗುತ್ತಿತ್ತು.

"ಯಾವ್ದಾರ ಒಡೀರಿ ರೀ," ಎಂದು ಅಪ್ಪನ ಬಳಿಗೆ ಓಡಿದ್ದ ಚೈತ್ರ ಒಳಗಿನಿಂದ ಕೂಗಿದಳು. "ಅಪ್ಪಾಜಿ ಓಯ್ತಾವ್ರೆ."

ಅವನು ತನ್ನ ಮೊಳೆಗಳ ತಗಡಿನ ಡಬ್ಬಿ ಬೋರಲು ಹಾಕಿದ. ಆ ತೂತಿಗೆ ಸಾಕಾಗುವ ದಪ್ಪದ್ದು ಒಂದೇ ಇತ್ತು. ಮಲ್ಪೆಯ ಬಂದರಿನ ಕೆಲಸದಲ್ಲಿ ಉಳಿದ ಸ್ಟೀಲಿನ ಮೊಳೆ. ಇಟ್ಟ. ಹೊಡೆದ. ಹೊರಗೆ ಗುಡುಗಿತು. ಹೊಡೆದ. ಸುತ್ತಿಗೆ ಜಾರಿ ಹೆಬ್ಬೆರಳ ಮೇಲೆ ಬಿತ್ತು. ಉಗುರು ಹಾರಿತು. ರಕ್ತ ಬಂತು. ನೋವು ಬರಲಿಲ್ಲ. ಬರುತ್ತದೆಂದು ಕಾದ. ಬರಲಿಲ್ಲ. ಮತ್ತೆ ಹೊಡೆದ. ಮೆತ್ತಗಿದ್ದ ಮರ ಮೊಳೆಯ ಸುತ್ತ ಬಿಗಿಯಾಗುತ್ತ ಬಂತು, ಬಾಯಿ ಮುಚ್ಚಿದ ಹಾಗೆ. ತಲೆಯೂ ಒಳಗೆ ಹೂತು, ಬಿಳಿಯ ಚುಕ್ಕೆ ಉಳಿಯಿತು.

ಒಳಗೆ ಗೊರಗೊರ ಎಂದಿತು.

ಮಾದಯ್ಯ ಬದುಕಿದ. ಆದರೆ ಬೆರಳು ಮತ್ತೆ ಮರಗಟ್ಟಿತ್ತು, "ಚೈ" ಎನ್ನುವುದೂ ಹೋಗಿತ್ತು. ಕಂಬವನ್ನೇ ಕೊಯ್ದು ಬಿಡಿ ಎಂದು ಊರಿನ ಆಚಾರಿಯನ್ನು ಕರೆಸಿದರು. ಗರಗಸದ ಹಲ್ಲು ಮರಕ್ಕೆ ತಾಗುತ್ತಲೇ, ಮಂಚದ ಮೇಲಿದ್ದ ಮಾದಯ್ಯನ ಕತ್ತಿನಲ್ಲಿ ದಾರದಷ್ಟು ಸಣ್ಣ ರಕ್ತದ ಗೆರೆ ಮೂಡಿತು. ಆಚಾರಿ ಗರಗಸವನ್ನು ಅಲ್ಲೇ ಬಿಟ್ಟು ಹೋದವನು ಅದನ್ನು ಕೇಳಲೂ ಬರಲಿಲ್ಲ.

ನಂಜೇಶನ ಹೆಬ್ಬೆರಳಿನಿಂದ ಜೋಮು ಅಂಗೈಗೆ ಬಂತು. ತೋಳಿಗೆ ಏರಿತು. ಗೌರಿ ಹಬ್ಬ ಕಳೆಯುವ ಹೊತ್ತಿಗೆ ಸೊಂಟದಿಂದ ಕೆಳಗೂ ಇಳಿದಿತ್ತು. ಬಿಸಿ ಕಾಫಿ ತೊಡೆಯ ಮೇಲೆ ಚೆಲ್ಲಿದರೆ ಅವನು ಹಬೆಯನ್ನು ನೋಡುತ್ತ ಕೂತಿರುತ್ತಿದ್ದ. ಒಳಗೂ ಹಾಗೇ. ಚೈತ್ರ ಅತ್ತರೆ ಆಚೆ ಬೀದಿಯಲ್ಲಿ ಯಾರೋ ಅತ್ತಂತೆ ಕೇಳಿಸುತ್ತಿತ್ತು. ಭಯವಾಗಬೇಕಿತ್ತು. ಆಗಲಿಲ್ಲ.

ಒಂದು ಸಂಜೆ ಇಬ್ಬರು ಗಂಡಸರನ್ನೂ ಜಗಲಿಯಲ್ಲಿ ಒರಗಿಸಿ ಕೂರಿಸಿದ್ದರು. ಸೂರಿನ ಹೆಂಚುಗಳನ್ನು ಮತ್ತೆ ತೆಗೆದಿದ್ದರು. ಚನ್ನಾಜಮ್ಮ ಉಪ್ಪುನೀರು ಹೊಯ್ದು, ಸೆರಗಿನಿಂದ ಒರೆಸಿ, ಕಣ್ಣು ಕಿರಿದು ಮಾಡಿ ಮೊಳೆ ನೋಡಿದರು. ಅದು ಹೊಸ ಕಾಸಿನಂತೆ ಹೊಳೆಯಿತು.

"ಅಳಿಯಂದ್ರೆ, ಇವೆಲ್ಲ ನಿಮ್ಗೆ ತಿಳಿದಿದ್ದೇಯ. ಈ ಮೊಳೆ ಸವಿಯೋಕೆ ಎಷ್ಟು ಮಳೆ ಬೇಕು?"

ಚೈತ್ರ ತುತ್ತು ಹಿಡಿದ ಕೈ ನಿಲ್ಲಿಸಿ ಗಂಡನ ಬಾಯಿ ನೋಡಿದಳು.

ಮಲ್ಪೆಯಲ್ಲಿ ಅವನು ದೋಣಿಗಳನ್ನು ನೋಡಿದ್ದ. ಹಲಗೆಯೆಲ್ಲ ಮಣ್ಣಾಗಿ ಹೋದ ಮೇಲೂ ಮರಳಿನಲ್ಲಿ ಇಂಥ ಮೊಳೆಗಳು ಬೆಳ್ಳಗೆ ಬಿದ್ದಿರುತ್ತಿದ್ದವು. ಸಮುದ್ರವೇ ತಿನ್ನಲಾಗದ್ದು. ನಾಲಿಗೆ ಹಲ್ಲಿನ ನಡುವೆ ಚರ್ಮದ ತುಂಡಿನಂತೆ ಹೊರಳಿತು.

"ಎರಡು ಮಳೆ ಸಾಕು ಅತ್ತೆ," ಎಂದ.

ಮಾದಯ್ಯನ ಕಣ್ಣುಗುಡ್ಡೆ ನಿಧಾನವಾಗಿ ಅವನ ಕಡೆ ತಿರುಗಿ ಅಲ್ಲೇ ನಿಂತಿತು.

"ಅಷ್ಟೇಯ," ಎಂದು ಚನ್ನಾಜಮ್ಮ ಉಪ್ಪಿನ ಮಡಕೆ ತರಲು ಒಳಗೆ ಹೋದರು.

ಮರುದಿನ ಬೆಳಗ್ಗೆ ಚೈತ್ರಳೂ ಒಂದು ಚೊಂಬು ಹಿಡಿದು ಕಂಬದ ಬಳಿ ಬಂದಳು. ಅವಳ ಮುಖದಲ್ಲಿ ನಗುವಿತ್ತು. ಸುಳ್ಳು ಹೇಳಿದೆ, ನೀನು ಹೊರಟುಹೋಗು ಎನ್ನಬೇಕೆಂದು ನಂಜೇಶ್ ಬಾಯಿ ತೆರೆದ. ನಾಲಿಗೆ ಏಳಲಿಲ್ಲ.