ಕಾಲ ಬ್ರುನೇಟದ ಕೈಮರ

ಜುಲೈ ಹದಿನೇಳು, ಗುರುವಾರ. ಮಧ್ಯಾಹ್ನ 4.10ಕ್ಕೆ ಇಬಿಝಾ ದ್ವೀಪದ ಸಾಂತ್ ಅಂತೋನಿ ಠಾಣೆಗೆ ಅನೂಕ್ ಎಂಬ ಡಚ್ ಯುವತಿ ಬಂದಳು. ಈಜುಡುಗೆಯ ಮೇಲೆ ಆಸ್ಪತ್ರೆಯವರು ಕೊಟ್ಟ ಅಂಗಿ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಅವಳ ದೂರು ಇಷ್ಟು. ಬೆಳಿಗ್ಗೆ 10.40ಕ್ಕೆ ಕಾಲ ಬ್ರುನೇಟ ಎಂಬ ಪುಟ್ಟ ಕೊಲ್ಲಿಯಲ್ಲಿ ಗೆಳತಿ ಫೆಮ್ಕೆ ಬಂಡೆಯಿಂದ ನೀರಿಗೆ ಹಾರಿ ಕತ್ತಿಗೆ ಪೆಟ್ಟು ಮಾಡಿಕೊಂಡಳು. ಹದಿನೈದು ನಿಮಿಷದಲ್ಲಿ ಬರಬೇಕಿದ್ದ ಆಂಬುಲೆನ್ಸ್ ನಲವತ್ತೊಂದು ನಿಮಿಷ ತೆಗೆದುಕೊಂಡಿತು.

"ದಾರಿ ತೋರಿಸೋ ಬೋರ್ಡೇ ಇರ್ಲಿಲ್ವಂತೆ. ಯಾರೋ ಕಿತ್ತಿದ್ದಾರೆ. ಅವಳು ಕಾಲು ಆಡಿಸ್ತಿಲ್ಲ, ಸಾರ್."

ಇನ್‌ಸ್ಪೆಕ್ಟರ್ ವಿಸೆಂತ್ ಎಸ್ಕಾಂದೆಲ್ ಎಫ್‌ಐಆರ್ ದಾಖಲಿಸಿಕೊಂಡರು.

"ಅಷ್ಟು ಹೊತ್ತು ಅವಳ ಹತ್ರ ಯಾರಿದ್ರು?"

"ಒಬ್ರು ವಯಸ್ಸಾದ ಹೆಂಗಸು. ಬಟ್ಟೆ ಸಮೇತ ನೀರಿಗಿಳಿದು, ತಲೆ ಅಲ್ಲಾಡದ ಹಾಗೆ ಎರಡೂ ಕೈಲಿ ಹಿಡ್ಕೊಂಡಿದ್ರು. ರಸ್ತೆ ಕಡೆ ಗಲ್ಲ ಎತ್ತಿ ನಂಗೆ ಏನೋ ಹೇಳ್ತಾನೇ ಇದ್ರು. ಭಾಷೆ ತಿಳೀಲಿಲ್ಲ. ಆಂಬುಲೆನ್ಸ್‌ನೋರು ಕೈಗೆ ತಗೊಂಡ ಕೂಡ್ಲೇ, ದಡದಲ್ಲಿ ಕೂತಿದ್ದ ಒಬ್ಬ ಮುದುಕೀನ ಕರ್ಕೊಂಡು ಹೊರಟುಬಿಟ್ರು."

"ಹೆಸರು?"

"ಕೇಳೋಕೆ ಆಗ್ಲಿಲ್ಲ."

ಸಂಜೆ 5.30. ಮುಖ್ಯರಸ್ತೆಯಿಂದ ಮೂರು ಮಣ್ಣುದಾರಿ ಕವಲೊಡೆಯುವಲ್ಲಿ ಪಂಚನಾಮೆ ನಡೆಯಿತು. ದಾರಿ ತೋರಿಸುವ ಕೈಮರವಿದ್ದ ಜಾಗದಲ್ಲಿ ಗೇಣುದ್ದದ ಮೋಟು ಉಳಿದಿತ್ತು. ಈ ಬೇಸಿಗೆಗಷ್ಟೇ ಕೆಲಸಕ್ಕೆ ಬಂದಿದ್ದ ಆಂಬುಲೆನ್ಸ್ ಚಾಲಕ ಫೋನಿನ ನಕ್ಷೆ ನಂಬಿ, ಎರಡು ಸಲ ಬೇರೆ ಬೇರೆ ತೋಟದ ಬೀಗ ಹಾಕಿದ ಗೇಟಿನ ಮುಂದೆ ಹೋಗಿ ನಿಂತಿದ್ದ.

ಪೇದೆ ಅಂತೋನಿಯಾ ಪ್ಲಾನೆಲ್ಸ್ ಮಂಡಿಯೂರಿ ಮೋಟಿನ ಮೇಲೆ ಬೆರಳಾಡಿಸಿದಳು. "ಗರಗಸದಲ್ಲಿ ನೀಟಾಗಿ ಕುಯ್ದಿದ್ದಾರೆ, ಸಾರ್. ಕುಡಿದ ಹುಡುಗರ ಕೆಲಸ ಅಲ್ಲ. ಅವರಾದ್ರೆ ಒದ್ದು ಬೀಳಿಸಿ, ರೂಮಿಗೆ ಹೊತ್ಕೊಂಡು ಹೋಗ್ತಾರೆ."

"ನಿಂಗೆ ಹೇಗೆ ಗೊತ್ತು?"

"ನಮ್ಮಣ್ಣನ ಮನೇಲೇ ಒಂದಿದೆ. ಅದನ್ನ ಬರ್ಕೋಬೇಡಿ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪುರಸಭೆಯಲ್ಲಿ ವಿಚಾರಣೆ. ಆ ಕೈಮರ ಮೊದಲು ಕಾಣೆಯಾದದ್ದು ಮೇ 26ರಂದು. ಪ್ರತಿ ಸಲ ಹೊಸದು ನೆಟ್ಟ ವಾರದೊಳಗೆ ಮತ್ತೆ ಮಾಯ. ಒಟ್ಟು ಐದು. ದ್ವೀಪದಲ್ಲಿ ಬೇರೆಲ್ಲೂ ಒಂದೂ ಹೋಗಿರಲಿಲ್ಲ. ಈ ಒಂದು ಕೊಲ್ಲಿಯ ಮೇಲೆ ಮಾತ್ರ ಯಾರಿಗೆ ಕಣ್ಣು? ಎಸ್ಕಾಂದೆಲ್‌ಗೆ ಕುತೂಹಲ ಹುಟ್ಟಿತು. ಜೊತೆಗೆ ನೀರಿಗಿಳಿದ ಆ ಹೆಂಗಸೂ ಪತ್ತೆಯಾಗಬೇಕಿತ್ತು. ಮುಖ್ಯ ಸಾಕ್ಷಿ ಆಕೆಯೇ.

10.30ಕ್ಕೆ ಕೊಲ್ಲಿಯ ದಡದಲ್ಲಿ ಬಲೆ ಹೆಣೆಯುತ್ತಿದ್ದ ಮುದಿ ಮೀನುಗಾರ ಪ್ರಾತ್ಸ್ ತಲೆಯೆತ್ತದೆ ಹೇಳಿದ: "ಎವುಲಾರಿಯಾ ಗ್ವಾಶ್. ಇನ್ಯಾರು? ಅಮ್ಮನ್ನ ಸ್ನಾನಕ್ಕೆ ಕರ್ಕೊಂಡು ಬರ್ತಾಳೆ."

"ದಿನಾನೂ?"

"ಆ ಮುದುಕಿ ಎಂಟನೇ ವಯಸ್ಸಿಂದ ಇದೇ ನೀರಲ್ಲಿ ಮುಳುಗೇಳ್ತಾಳೆ. ಈಗ ಮಗಳ ಹೆಸರೂ ಮರೆತಿದ್ದಾಳೆ, ನೀರಿನ ದಾರಿ ಮರೆತಿಲ್ಲ. ಮೇ ಕೊನೇಲಿ ಮಾತ್ರ ಕೆಲವು ದಿನ ಬರ್ಲಿಲ್ಲ."

"ಯಾಕೆ?"

"ನಿಮ್ಮ ಠಾಣೇಲಿ ಫೋನಿಲ್ವಾ? ಇಡೀ ಊರು ನೋಡಿದೆ."

ಅಂತೋನಿಯಾ ಫೋನಿನಲ್ಲಿ ಹುಡುಕಿ ಒಂದು ವಿಡಿಯೊ ತೆರೆದಳು. ಒದ್ದೆ ಒಳಲಂಗ ಮೈಗಂಟಿಸಿಕೊಂಡು ನಿಂತ ಮುದುಕಿ. ಸುತ್ತ ಹಾಡು ಹಾಕಿ ಕುಣಿಯುವ ಐದಾರು ಪ್ರವಾಸಿಗಳು. ಒಬ್ಬ ಆಕೆಯ ಕೈಗೆ ಬಿಯರ್ ಡಬ್ಬಿ ತುರುಕುತ್ತಾನೆ. ಆಕೆ ನಗಬೇಕೋ ಅಳಬೇಕೋ ತಿಳಿಯದೆ ಎಲ್ಲರ ಮುಖವನ್ನೂ ನೋಡುತ್ತಾಳೆ. ಮೇ 24. ನಾಲ್ಕು ಲಕ್ಷ ಜನ ನೋಡಿದ್ದರು.

"ಇಪ್ಪತ್ತಾರಕ್ಕೆ ಮೊದಲ್ನೇ ಕೈಮರ ಹೋಗಿದೆ, ಸಾರ್," ಎಂದಳು ಅಂತೋನಿಯಾ. ಎಸ್ಕಾಂದೆಲ್ ಜೀಪಿನತ್ತ ನಡೆದರು.

12.15. ಎವುಲಾರಿಯಾ ತನ್ನ ಮನೆಯ ಬಾಗಿಲಲ್ಲೇ ನಿಂತಿದ್ದಳು. ಐವತ್ತೊಂಬತ್ತರ ಗಟ್ಟಿ ಹೆಂಗಸು.

"ನಿನ್ನೆ ಆ ಹುಡುಗೀನ ಹಿಡ್ಕೊಂಡಿದ್ದು ನೀವೇನಾ?"

"ಹೌದು."

"ಕೈಮರ ಕುಯ್ದಿದ್ದು?"

ಅವಳು ಹಿತ್ತಲ ಕೊಟ್ಟಿಗೆಯ ಕದ ತೆಗೆದಳು. ಐದೂ ಗೋಡೆಗೊರಗಿದ್ದವು. ಗರಗಸ ಮೊಳೆಗೆ ತೂಗುತ್ತಿತ್ತು.

"ಮಂದಿ ಬರೋದು ಕಮ್ಮಿಯಾದ್ರೆ ಸಾಕು ಅನ್ಕೊಂಡೆ. ಕಮ್ಮಿಯಾಯ್ತು ಕೂಡ."

"ಆಂಬುಲೆನ್ಸ್ ದಾರಿ ತಪ್ಪಿದ್ದು ಯಾವಾಗ ಗೊತ್ತಾಯ್ತು?"

"ನೀರಲ್ಲಿದ್ದಾಗ್ಲೇ. ಸೈರನ್ ಹತ್ರ ಬಂತು, ದೂರ ಹೋಯ್ತು. ಮತ್ತೆ ಬಂತು, ಮತ್ತೆ ಹೋಯ್ತು. ಎಲ್ಲಿ ತಿರುಗಿದ್ರು, ಯಾಕೆ ತಿರುಗಿದ್ರು ಅಂತ ನಂಗೊಬ್ಬಳಿಗೇ ಗೊತ್ತು." ಅವಳು ತನ್ನ ಅಂಗೈಗಳನ್ನೇ ನೋಡಿಕೊಂಡಳು. "ಓಡಿ ಹೋಗಿ ಕರೀಬೇಕು, ತಲೆ ಬಿಡೋ ಹಾಗಿಲ್ಲ. ಜೊತೇಲಿದ್ದ ಗೆಳತಿಗೆ ಹೋಗು ಹೋಗು ಅಂತ ಕೂಗ್ದೆ. ಅವಳು ಅಳ್ತಾ ನಿಂತಿದ್ಲು."

12.50ಕ್ಕೆ ಬಂಧನ. ಅಮ್ಮ ಮಾರ್ಗಲೀದಾಳನ್ನು ನೋಡಿಕೊಳ್ಳಲು ಪಕ್ಕದ ಮನೆಯವಳು ಬಂದಳು. "ಮಗಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಾ?" ಎಂದು ಮುದುಕಿ ಕೇಳಲಿಲ್ಲ. ಎವುಲಾರಿಯಾಳತ್ತ ಕೈ ತೋರಿಸಿ, "ಈಯಮ್ಮ ಒಳ್ಳೆಯವಳು, ಊಟ ಮಾಡ್ಸಿ ಕಳಿಸಿ," ಎಂದಳು. ಅಷ್ಟು ಹೊತ್ತು ನೆಟ್ಟಗಿದ್ದ ಎವುಲಾರಿಯಾಳ ಬೆನ್ನು ಆಗ ಬಾಗಿತು.

ಪ್ರವಾಸಿಗರ ಮೇಲೆ ಅವಳಿಗೆ ದ್ವೇಷವಿರಲಿಲ್ಲ. ಇಪ್ಪತ್ತಾರು ವರ್ಷ ಒಂದು ಡ್ಯಾನ್ಸ್ ಕ್ಲಬ್ಬಿನ ನೆಲ ಒರೆಸಿದವಳು. ಹೇಳಿಕೆ ಪಡೆಯುವಾಗ, "ಅವರ ಹಾಡು ನಂಗಿಷ್ಟಾನೇ. ಎಲ್ಲಾ ಕಡೆ ಕುಣೀಲಿ, ಬೇಡ ಅನ್ನಲ್ಲ. ಅಮ್ಮನಿಗೆ ಉಳಿದಿರೋದು ಅದೊಂದು ಜಾಗ," ಎಂದಿದ್ದಳು.

ಸೋಮವಾರ ಫೆಮ್ಕೆಯ ಬಗ್ಗೆ ಶಸ್ತ್ರವೈದ್ಯರ ವರದಿ ಬಂತು. ತಡವಾದದ್ದರಿಂದ ಹಾನಿ ಹೆಚ್ಚಿದೆ. ತಲೆಯನ್ನು ಅಲುಗಾಡದಂತೆ ಹಿಡಿದದ್ದರಿಂದ ಜೀವ ಉಳಿದಿದೆ. ಬಲಗಾಲಿನ ಬೆರಳು ಚಲಿಸುತ್ತಿದೆ. ಎಸ್ಕಾಂದೆಲ್ ಆರೋಪಪಟ್ಟಿಯಲ್ಲಿ ಎವುಲಾರಿಯಾ ಗ್ವಾಶ್ ಎಂಬ ಹೆಸರನ್ನು ಆರೋಪಿಗಳ ಕೆಳಗೆ ಬರೆದರು. ಹಾಳೆ ತಿರುವಿ, ಸಾಕ್ಷಿಗಳ ಕೆಳಗೂ ಅದನ್ನೇ ಬರೆದರು.