ಮುರಿದ ಸೂಜಿಯ ಮೊನೆ

"ಇದನ್ನ ಬರೆದವರು ಯಾರು?"

ಹೊಲಿಗೆ ಅಂಗಡಿಯ ಬಾಗಿಲಲ್ಲಿ ದಿನಕ್ಕೊಂದು ಸಲಹೆ ಬರೆದಿಡುವ ಕರಿಹಲಗೆಯನ್ನೇ ಎತ್ತಿಕೊಂಡು ಒಳಗೆ ಬಂದಿದ್ದ ಆ ಮನುಷ್ಯ. ಅವಳು ಮೆಷಿನ್ ನಿಲ್ಲಿಸಿ ತಲೆಯೆತ್ತಿದಳು.

"ನಾನೇ. ಯಾಕೆ?"

"'ಕಣ್ಣು ಮಂಜಾದರೆ ಅಂಗೈಯಿಂದ ಚೆನ್ನಾಗಿ ಉಜ್ಜಿಕೊಳ್ಳಿ'... ಇದು ತಪ್ಪು. ಉಜ್ಜಿದರೆ ಕಣ್ಣಿಗೇ ಪೆಟ್ಟು. ನಾನು ಎದುರು ಬೀದಿಯ ಕನ್ನಡಕದಂಗಡಿಯವನು, ಅದಕ್ಕೇ ಹೇಳ್ತಿದ್ದೀನಿ."

"ಸರಿ, ಅಳಿಸ್ತೀನಿ. ಹಲಗೆ ಅಲ್ಲಿಟ್ಟು ಹೊರಡಿ."

ಅವನು ಹಲಗೆ ಇಟ್ಟ, ಆದರೆ ಹೊರಡಲಿಲ್ಲ. ಅವಳ ಮುಖವನ್ನೇ ನೋಡಿದ.

"ನಿಮಗೆ ಎಷ್ಟು ದಿನದಿಂದ ಮಂಜಾಗ್ತಿದೆ?"

ಅವಳ ಕೈಯಲ್ಲಿದ್ದ ಕತ್ತರಿ ಜಾರಿ ಮೇಜಿನ ಮೇಲೆ ಬಿತ್ತು.

*ಇವನಿಗೆ ಹೇಗೆ ಗೊತ್ತಾಯ್ತು?*

"ನನಗೇನೂ ಆಗಿಲ್ಲ" ಎಂದಳು. ಸುಳ್ಳು. ಆರು ತಿಂಗಳಿಂದ ಸಣ್ಣಪುಟ್ಟದ್ದೆಲ್ಲ ಮಸುಕಾಗುತ್ತಿತ್ತು. ಸೂಜಿಗೆ ದಾರ ಪೋಣಿಸುವುದು ಕಣ್ಣಿನಿಂದಲ್ಲ, ಬೆರಳಿನ ಅಂದಾಜಿನಿಂದ. ಈ ವಿಷಯ ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ.

ಗೊತ್ತಾದರೆ ಚಿಕ್ಕಮ್ಮ ಮೊದಲು ಅಳುತ್ತಿದ್ದಳು, ಆಮೇಲೆ ಹೊಲಿಗೆ ಕೆಲಸವನ್ನೇ ಬಿಡಿಸುತ್ತಿದ್ದಳು. ಯಾಕೆಂದರೆ ಇವಳ ಹೆತ್ತಮ್ಮನಿಗೂ ಶುರುವಾಗಿದ್ದು ಹೀಗೆಯೇ. ನಲವತ್ತು ತುಂಬುವ ಮೊದಲೇ ಪೂರ್ತಿ ಕತ್ತಲೆ. ಅಮ್ಮನ ಮೆಷಿನ್ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದ ಆ ದಿನ ಅವಳಿಗೆ ಇನ್ನೂ ನೆನಪಿತ್ತು. ಈಗ ಅವಳಿಗೆ ಮೂವತ್ತೊಂದು.

ಕನ್ನಡಕದಂಗಡಿಯವನು ಮರುದಿನವೂ ಬಂದ. ಅದರ ಮರುದಿನವೂ ಬಂದ! ಹಲಗೆ ಓದುವುದು, ಏನಾದರೊಂದು ಕೊಂಕು ತೆಗೆಯುವುದು, ನಗುವುದು... ಇದೇ ಅವನ ಕೆಲಸವಾಯಿತು. 'ದಾರದ ತುದಿಗೆ ಸೋಪು ಸವರಿ, ಸೂಜಿಯಲ್ಲಿ ಸಲೀಸಾಗಿ ಹೋಗುತ್ತದೆ' ಎಂದು ಬರೆದ ದಿನ ಮೆಚ್ಚಿಕೊಂಡ. 'ಹಳೇ ಪ್ಯಾಂಟಿನ ಜೇಬುಗಳನ್ನು ಕತ್ತರಿಸಿ ಸಾಲಾಗಿ ಹೊಲಿದು ಗೋಡೆಗೆ ತೂಗುಹಾಕಿ, ಸಾಮಾನು ಇಡಲು ಜಾಗ' ಎಂದ ದಿನ ಎರಡು ಹಳೇ ಪ್ಯಾಂಟು ತಂದುಕೊಟ್ಟ. ಒಂದು ದಿನ ತಾನೇ ಸೀಮೆಸುಣ್ಣ ತೆಗೆದುಕೊಂಡು 'ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡಿ' ಎಂದು ಬರೆದ.

"ದೂರ ಅಂದ್ರೆ ಎಷ್ಟು ದೂರ?" ಎಂದು ಕೇಳಿದಳು.

"ಎದುರು ಬೀದಿಯವರೆಗೆ ಸಾಕು."

ಅವಳಿಗೆ ನಗು ತಡೆಯಲಾಗಲಿಲ್ಲ.

ಚಿಕ್ಕಮ್ಮ ಅವನಿಗೆ 'ಭೂತಗನ್ನಡಿ' ಎಂದು ಹೆಸರಿಟ್ಟಳು. "ನಿನ್ನ ಭೂತಗನ್ನಡಿ ಇನ್ನೂ ಬಂದಿಲ್ವಲ್ಲೇ" ಎಂದು ಬೇಕೆಂದೇ ಕೆಣಕುತ್ತಿದ್ದಳು. ಅವಳು ಮುಖ ಸಿಂಡರಿಸುತ್ತಿದ್ದಳು. ಒಳಗೊಳಗೇ ಇಷ್ಟವಾಗುತ್ತಿತ್ತು, ಅಷ್ಟೇ ಭಯವೂ ಆಗುತ್ತಿತ್ತು. *ಇವನು ಹತ್ತಿರ ಬಂದಷ್ಟೂ ನನ್ನ ಗುಟ್ಟು ರಟ್ಟಾಗುತ್ತೆ...*

ಒಂದು ದಿನ ಅವನು ಒಂದು ಕೆಲಸ ಒಪ್ಪಿಸಿದ. ಪಾರ್ಶ್ವವಾಯುವಿನಿಂದ ಅವನ ತಾಯಿಯ ಎಡಗೈಯಲ್ಲಿ ಸ್ಪರ್ಶವೇ ಹೋಗಿತ್ತು. ಬಿಸಿ ತಾಗಿದರೂ ಗೊತ್ತಾಗುವುದಿಲ್ಲ, ಗಾಯವಾದರೂ ಗೊತ್ತಾಗುವುದಿಲ್ಲ. ಆ ಕೈ ಇಡಲು ಒಂದು ಮೆತ್ತನೆಯ ದಿಂಬು ಬೇಕಿತ್ತು.

ಅವಳು ಮನಸ್ಸಿಟ್ಟು ಹೊಲಿದಳು. ಕೊನೆಯ ಹೊಲಿಗೆ ಹಾಕುವಾಗ ಟಕ್ ಎಂದು ಸೂಜಿ ಮುರಿಯಿತು.

ಹೊಲಿಗೆ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಬೇಕು, ಬಿಳಿ ಕಾಗದದ ಮೇಲೆ ಒಂದಕ್ಕೊಂದು ಸೇರಿಸಿಟ್ಟು ಟೇಪು ಅಂಟಿಸಬೇಕು. ಸೂಜಿ ಪೂರ್ತಿಯಾಗುವವರೆಗೆ ಬಟ್ಟೆ ಅಂಗಡಿ ದಾಟುವಂತಿಲ್ಲ. ಚಿಕ್ಕಮ್ಮ ಅಂದು ಗುಂಡಿ, ಲೇಸು ತರಲು ಪೇಟೆಗೆ ಹೋಗಿದ್ದಳು. ಇವಳೊಬ್ಬಳೇ ಎರಡು ಚೂರು ಹುಡುಕಿದಳು, ಜೋಡಿಸಿದಳು, ಕಾಗದವನ್ನು ಕಣ್ಣಿನ ಹತ್ತಿರ ತಂದಳು. ಪೂರ್ತಿಯಾದಂತೆ ಕಂಡಿತು. ಟೇಪು ಅಂಟಿಸಿದಳು.

ದಿಂಬು ಒಯ್ಯಲು ಬಂದವನು ಅವಳು ಕಾಗದವನ್ನು ಮೂಗಿನ ತುದಿಗೆ ಹಿಡಿದಿದ್ದನ್ನು ನೋಡಿಬಿಟ್ಟ.

"ಒಂದ್ಸಲ ನನ್ನ ಅಂಗಡಿಗೆ ಬನ್ನಿ. ಹತ್ತು ನಿಮಿಷ ಸಾಕು. ಕಣ್ಣು ನೋಡ್ತೀನಿ."

ಭಯ ಕೋಪವಾಗಿ ಬಾಯಿಗೆ ಬಂತು. "ಓ, ಇದಕ್ಕೇನಾ ದಿನಾ ಬರ್ತಿದ್ದದ್ದು? ಒಂದು ಕನ್ನಡಕ ಮಾರೋಕೆ ಇಷ್ಟೊಂದು ನಾಟಕಾನಾ?"

ಅವನ ಮುಖ ಬಾಡಿತು. ದಿಂಬು ತೆಗೆದುಕೊಂಡು ಹೋದ. *ಯಾಕೆ ಹಾಗಂದೆ? ನಾಲಿಗೆಗೆ ಎಲುಬಿಲ್ಲ ಅಂತ ಹೀಗಾ...* ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಮ್ಮ ಕಾಗದ ಹಿಡಿದುಕೊಂಡು ಬಂದಳು.

"ಇದರ ಮೊನೆ ಎಲ್ಲೇ?"

"ಅದರಲ್ಲೇ ಇದೆಯಲ್ಲ ಚಿಕ್ಕಮ್ಮ."

"ಎಲ್ಲಿದೆ? ಮೊಂಡಾಗಿದೆ, ಬೆರಳಿಟ್ಟು ನೋಡು."

ಅವಳು ಬೆರಳಿಟ್ಟಳು. ಎಳ್ಳಿನಷ್ಟು ಉದ್ದದ ಚೂರು ಇರಲಿಲ್ಲ. ಅದು ಆ ದಿಂಬಿನಲ್ಲಿತ್ತು. ಚುಚ್ಚಿದರೂ ತಿಳಿಯದ ಕೈಯ ಕೆಳಗೆ, ಒಂದು ರಾತ್ರಿಯಿಡೀ!

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. *ನಿನ್ನೆಯ ಮಾತಿಗೆ ಮುನಿಸಿಕೊಂಡಿದ್ದಾನೆ. ದೇವರೇ, ಇವತ್ತೊಂದು ದಿನ ಎತ್ತಲಿ...*

"ಎಲ್ಲಿಗೇ ಓಡ್ತಿದ್ದೀಯಾ, ಚಪ್ಪಲಿ ಹಾಕ್ಕೊಳ್ಳೇ" ಎಂದು ಚಿಕ್ಕಮ್ಮ ಕೂಗಿದ್ದು ಬೀದಿಗೆ ಇಳಿದ ಮೇಲೆ ಕೇಳಿಸಿತು.

ಕನ್ನಡಕದಂಗಡಿಗೆ ಬೀಗ. ಮತ್ತೊಮ್ಮೆ ಫೋನ್ ಮಾಡಿದಾಗ ಒಳಗೆಲ್ಲೋ ಅದು ಬಡಿದುಕೊಂಡಿತು. ಅವನ ಮನೆ ಅಂಗಡಿಯ ಮೇಲೆಯೇ. ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದೇ ಇತ್ತು. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅವನ ತಾಯಿ ಕೂತಿದ್ದರು. ದಿಂಬಿನ ಮೇಲೆ ಎಡಗೈ.

"ಹೊಲಿಗೆಯವಳಲ್ವಾ? ಬಾಮ್ಮ. ನಿನ್ನ ದಿಂಬು ಬಂದ ಮೇಲೆ ರಾತ್ರಿ ಒಳ್ಳೇ ನಿದ್ದೆ. ಮಗ ಮಾತ್ರೆ ತರೋಕೆ ಹೋಗಿದ್ದಾನೆ, ಬರ್ತಾನೆ."

ಅವಳು ಮಂಡಿಯೂರಿ ಕೂತು ಆ ಕೈಯನ್ನು ಮೆಲ್ಲಗೆ ಎತ್ತಿದಳು. ದಿಂಬಿನ ಬಟ್ಟೆಯ ಮೇಲೆ ಏನೋ ಕಲೆ. ಮಸುಕಾದರೂ ಬಣ್ಣ ತಿಳಿಯಿತು. ರಕ್ತ.

"ಅಮ್ಮಾ, ನೋವಾಗ್ತಿದೆಯಾ?"

"ಈ ಕೈಗೆ ನೋವೆಲ್ಲಿ ಬಂತಮ್ಮ. ಯಾಕೆ ಅಳ್ತಿದ್ದೀಯಾ?"

ಹಿಂದೆ ಹೆಜ್ಜೆ ಸಪ್ಪಳ. ಅವನು ಬಾಗಿಲಲ್ಲಿ ನಿಂತಿದ್ದ.

ಅವಳು ಸುಮ್ಮನಿದ್ದುಬಿಡಬಹುದಿತ್ತು. ದಿಂಬು ಸರಿಮಾಡುತ್ತೇನೆಂದು ಕಂಕುಳಲ್ಲಿಟ್ಟುಕೊಂಡು ಹೊರಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಿದರೆ ಎಲ್ಲವೂ ಹೋಗುತ್ತದೆ. ಹೊಲಿಗೆ, ಹೆಸರು, ಇವನು... ಆದರೆ ಮೊನೆ ಕೈಯೊಳಗೆ ಹೊಕ್ಕಿದ್ದರೆ?

"ದಿಂಬಿನಲ್ಲಿ ಸೂಜಿ ಮೊನೆ ಇದೆ" ಎಂದಳು. "ನಾನೇ ಬಿಟ್ಟದ್ದು. ನನಗೆ ಕಾಣಿಸಲಿಲ್ಲ. ಆರು ತಿಂಗಳಿಂದ ಸರಿಯಾಗಿ ಕಾಣಿಸ್ತಿಲ್ಲ. ಯಾರಿಗೂ ಹೇಳಿಲ್ಲ. ಅಮ್ಮನ ಕೈ ನೋಡಿ, ಬೇಗ..."

ಅವನು ಕೆಳಗೆ ಓಡಿ ಟಾರ್ಚು, ಭೂತಗನ್ನಡಿ ತಂದು ತಾಯಿಯ ಅಂಗೈಯನ್ನು ಇಂಚಿಂಚಾಗಿ ನೋಡತೊಡಗಿದ. ಅವನ ದವಡೆ ಬಿಗಿದಿತ್ತು.

"ಮೂರು ಗೀರು. ಮೇಲ್ಮೇಲಷ್ಟೇ" ಎಂದ ಕೊನೆಗೆ. "ಆದರೆ ಚೂರು ಸಿಗೋವರೆಗೂ ಒಳಗೆ ಉಳಿದಿಲ್ಲ ಅಂತ ಹೇಳೋಕಾಗಲ್ಲ."

"ಆಯಸ್ಕಾಂತ ಇದೆಯಾ?"

ಕನ್ನಡಕದ ಪುಟ್ಟ ಸ್ಕ್ರೂಗಳನ್ನು ಹಿಡಿದಿಡುವ ಆಯಸ್ಕಾಂತ ಅವನ ಹತ್ತಿರ ಇತ್ತು. ಅವಳು ಅದಕ್ಕೆ ತೆಳು ಬಟ್ಟೆ ಸುತ್ತಿದಳು. ಹೊಲಿಗೆ ಬಿಚ್ಚಿ ಹತ್ತಿಯನ್ನು ಬಿಳಿ ಚಾದರದ ಮೇಲೆ ಹರವಿ, ಒಂದೊಂದು ಹಿಡಿಯ ಮೇಲೂ ಆಯಸ್ಕಾಂತ ಆಡಿಸಿದಳು. ಮೊದಲ ಹಿಡಿಯಲ್ಲಿ ಇಲ್ಲ. ಐದನೆಯದರಲ್ಲೂ ಇಲ್ಲ. ಹತ್ತಿ ಮುಗಿಯುತ್ತಾ ಬಂದಂತೆ ಅವಳ ಕೈ ಬೆವರಿ ಆಯಸ್ಕಾಂತ ಜಾರತೊಡಗಿತು. *ಸಿಗದಿದ್ದರೆ? ಆ ಕೈಯಲ್ಲೇ ಇದ್ದರೆ?*

ಹತ್ತಿ ಮುಗಿಯಿತು. ಬಟ್ಟೆಯ ಅಂಚಿನ ಮಡಿಕೆಯೊಂದೇ ಉಳಿದಿತ್ತು. ಆಯಸ್ಕಾಂತ ಅಲ್ಲಿಗೆ ಹೋದಾಗ ಬೆರಳಿಗೆ ಸಣ್ಣದೊಂದು ಎಳೆತ ತಿಳಿಯಿತು.

"ನೀವು ನೋಡಿ. ನನಗೆ ಕಾಣಲ್ಲ" ಎಂದಳು. ಆ ಮಾತು ಮೊದಲ ಸಲ ಸಲೀಸಾಗಿ ಬಂತು.

ಅವನು ಭೂತಗನ್ನಡಿ ಹಿಡಿದ. "ಸಿಕ್ತು. ಚೂಪು ಮೊನೆ, ಪೂರ್ತಿ ಇದೆ."

ಅವಳು ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.

"ನಿನ್ನೆ ಅಂಗಡಿಗೆ ಬನ್ನಿ ಅಂದಾಗ ಬಂದಿದ್ರೆ..." ಎಂದು ಅವನು ಶುರುಮಾಡಿದ. ಕೋಪವಿತ್ತು ದನಿಯಲ್ಲಿ. "ನನ್ನ ತಾಯಿ ಕೈ ಇದು. ಸಿಟ್ಟು ಬರಲ್ವಾ ನನಗೆ? ಬಂದಿದೆ. ಆದರೆ ಮುಚ್ಚಿಡದೆ ಬರಿಗಾಲಲ್ಲಿ ಓಡಿ ಬಂದ್ರಲ್ಲ... ನಾನು ಬಂದಿದ್ದು ಕನ್ನಡಕ ಮಾರೋಕಲ್ಲ. ನಿಮಗೆ ಏನಾದ್ರೂ ಆಗಿಬಿಡುತ್ತೆ ಅನ್ನೋ ಹೆದರಿಕೆ ನನಗೆ."

"ನೀವ್ಯಾಕೆ ಹೆದರಬೇಕು?"

"ಅದನ್ನೂ ಬಿಡಿಸಿ ಹೇಳಬೇಕಾ?"

"ಇಬ್ಬರೂ ಹೀಗೇ ಕೂತ್ರೆ ನನ್ನ ಗೀರಿಗೆ ಮುಲಾಮು ಹಚ್ಚೋರು ಯಾರಪ್ಪ?" ಎಂದರು ಅವನ ತಾಯಿ.

ಸಂಜೆ ಅವಳು ಚಿಕ್ಕಮ್ಮನಿಗೂ ಎಲ್ಲ ಹೇಳಿದಳು. ಚಿಕ್ಕಮ್ಮ ಅತ್ತಳು. ಆಮೇಲೆ, "ಭೂತಗನ್ನಡಿ ಜೊತೆ ಹೋಗು. ನಾನು ಬಂದ್ರೆ ಅಲ್ಲೂ ಅಳ್ತೀನಿ" ಎಂದಳು.

ಮೂರು ದಿನದ ಮೇಲೆ ಕಣ್ಣಿನ ಆಸ್ಪತ್ರೆ. ಉದ್ದನೆಯ ಬೆಂಚು, ಔಷಧದ ವಾಸನೆ, ಒಬ್ಬೊಬ್ಬರನ್ನೇ ಕರೆಯುವ ದನಿ. ತನ್ನ ಅಮ್ಮನ ಕತೆಯನ್ನು ಅವಳು ದಾರಿಯಲ್ಲೇ ಅವನಿಗೆ ಹೇಳಿದ್ದಳು. ಒಳಗೆ ಡಾಕ್ಟರು ಹೇಳುವುದು ಬರೀ ಕನ್ನಡಕವೋ, ಅಮ್ಮನ ಕತ್ತಲೆಯೋ?

"ನೀವೇ ಹೇಳಿಬಿಡಿ, ಏನೂ ಆಗಲ್ಲ ಅಂತ."

"ಗೊತ್ತಿಲ್ಲದೆ ಹೇಳಲ್ಲ" ಎಂದ ಅವನು. "ನಿಮ್ಮ ಅಮ್ಮನ ಕಾಲಕ್ಕಿಂತ ಈಗ ಮದ್ದು ಹೆಚ್ಚಿದೆ, ಬೇಗ ಬಂದಿದ್ದೀವಿ. ನನಗೆ ಗೊತ್ತಿರೋದು ಇಷ್ಟೇ."

ಅವನು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಅವಳ ವಿವರ ತುಂಬುತ್ತಿದ್ದ. ನಡುವೆ ಪೆನ್ನು ನಿಂತಿತು.

"ಏನಾಯ್ತು?"

"ಜೊತೆಗೆ ಬಂದವರು ರೋಗಿಗೆ ಏನಾಗಬೇಕು ಅಂತ ಕೇಳಿದ್ದಾರೆ. ಏನು ಬರೀಲಿ?"

"ನನಗೆ ಕತ್ತಲೆಯಾದ್ರೆ ನಿಮಗೇ ಕಷ್ಟ. ಯೋಚಿಸಿ ಬರೀರಿ."

ಪೆನ್ನು ಸರಸರನೆ ಓಡಿತು. ಅವಳು ಹಾಳೆಯನ್ನು ಮುಖದ ಹತ್ತಿರ ಎಳೆದುಕೊಂಡಳು. ಅಕ್ಷರಗಳೆಲ್ಲ ಕಲಸಿಹೋದವು.

"ಓದೋಕಾಗ್ತಿಲ್ಲ. ಏನಂತ ಬರೆದ್ರಿ?"

ಅವನು ಅವಳ ಕಿವಿಯ ಹತ್ತಿರ ಬಾಗಿದ. "ಗಂಡ ಅಂತ. ಇನ್ನೂ ಆಗಿಲ್ಲ, ಆದ್ರೂ ಬರೆದಿದ್ದೀನಿ."

ಒಳಗಿನಿಂದ ಅವಳ ಸರದಿ ಕೂಗಿದರು. ಅವಳು ಎದ್ದಳು. ಭಯ ಹೋಗಿರಲಿಲ್ಲ.

"ಒಳಗೆ ಏನೇ ಹೇಳಲಿ... ಆಮೇಲೆ ಅದನ್ನ ಅಳಿಸಿಬಿಡಲ್ಲ ತಾನೇ?"

"ಹೇಗೆ ಅಳಿಸ್ಲಿ? ಪೆನ್ನಲ್ಲಿ ಬರೆದಿದ್ದೀನಿ. ಕೈ ಕೊಡಿ, ಅಲ್ಲೊಂದು ಮೆಟ್ಟಿಲಿದೆ."

ಅವಳು ಕೈ ಕೊಟ್ಟಳು.