ನಾನೂರು ಡಿಗ್ರಿಯ ತಪ್ಪು

"ಟಕ್!"

ಅಷ್ಟೇ ಸದ್ದು. ಆ ಸದ್ದಿಗೆ ವನಿತಾಳ ಎದೆ ಧಸಕ್ಕೆಂದಿತು.

ಮೈಸೂರಿನ ಆ ಪ್ರಯೋಗಾಲಯದಲ್ಲಿ ಎರಡು ಪುಟ್ಟ ವಜ್ರಗಳ ಮೊನೆಗಳ ನಡುವೆ ಕಬ್ಬಿಣದ ಚೂರೊಂದನ್ನಿಟ್ಟು, ಉಸಿರು ಬಿಗಿಹಿಡಿದು ಅವಳು ತಿರುಪು ಬಿಗಿಸುತ್ತಿದ್ದಳು. ಅದೇ ಹೊತ್ತಿಗೆ ಬಾಗಿಲು ಧಡಾರನೆ ತೆರೆದಿತ್ತು. ಅವಳ ಕೈ ಅಲುಗಿತ್ತು. ವಜ್ರ ಸೀಳಿಹೋಗಿತ್ತು.

"ಯಾರ್ರೀ ನೀವು? ಬಾಗಿಲ ಮೇಲೆ ಬರ್ದಿರೋದು ಕಾಣ್ಸಲ್ವಾ?"

ಬಾಗಿಲಲ್ಲಿ ಬೆವರುತ್ತಾ ನಿಂತಿದ್ದವನು ತೊದಲಿದ. "ಕಿರಣ್‌ಕುಮಾರ್ ಅಂತ... ಲೇಸರ್ ಕೆಲಸಕ್ಕೆ ಇವತ್ತೇ ಸೇರ್ಕೊಂಡೆ. ಬಿಳಿಕೆರೆ ಬಸ್ಸು ಲೇಟಾಯ್ತು, ಓಡ್ಬಂದೆ... ತಪ್ಪಾಯ್ತು ಕಣ್ರೀ."

"ಮೂರು ತಿಂಗಳ ಕೆಲಸ!" ಎಂದು ಚೀರಿದಳು. ಮರುಗಳಿಗೆ ಅವನೆದುರೇ ಅಳು ಬಂದುಬಿಟ್ಟಿತು.

ಅವನು ನೆಲದ ಮೇಲೆ ಮಂಡಿಯೂರಿ, ಮೊಬೈಲ್ ಬೆಳಕಿನಲ್ಲಿ ವಜ್ರದ ಚೂರುಗಳನ್ನು ಹುಡುಕತೊಡಗಿದ.

ಹೀಗೆ ಶುರುವಾಯಿತು ಅವರ ಪರಿಚಯ!

ಭೂಮಿಯ ಒಡಲಾಳದಲ್ಲಿ ಕಬ್ಬಿಣ ಎಷ್ಟು ಬಿಸಿಗೆ ಕರಗುತ್ತದೆ ಎಂಬುದು ವನಿತಾಳ ಸಂಶೋಧನೆ. ನಮ್ಮ ಸುತ್ತಲ ಗಾಳಿಯ ಒತ್ತಡಕ್ಕಿಂತ ಹತ್ತು ಲಕ್ಷ ಪಟ್ಟು ಒತ್ತಡ. ಅದರ ಮೇಲೆ ಲೇಸರ್ ಬೆಂಕಿ. ಒತ್ತುವವಳು ಅವಳು, ಕಾಯಿಸುವವನು ಅವನು.

ಎರಡು ವರ್ಷದಲ್ಲಿ ಹನ್ನೊಂದು ಸಲ ಸೋತರು. ಅವಳ ಕಣ್ಣ ಕೆಳಗೆ ಕಪ್ಪು ಬಿತ್ತು. ಅವನು ದಿನವೂ ಅವಳ ಮುಂದೆ ಕಾಫಿ ಇಟ್ಟು ಹೋಗುತ್ತಿದ್ದ. ಆ ಕಾಫಿಗಾಗಿ ತಾನು ಕಾಯುತ್ತೇನೆಂದು ಅವಳು ಯಾರಿಗೂ ಹೇಳಿರಲಿಲ್ಲ... ತನಗೂ!

ಹನ್ನೆರಡನೇ ಸಲ ಕಬ್ಬಿಣ ಕರಗಿತು.

ಮೂರು ದಿನ ನಿದ್ದೆಯಿಲ್ಲದೆ ಲೇಖನ ಬರೆದು ಮುಗಿಸಿದ ವನಿತಾ, ಮಧ್ಯಾಹ್ನ ಮೇಜಿನ ಮೇಲೇ ತಲೆಯಿಟ್ಟು ಮಲಗಿದಳು. ಎದ್ದಾಗ ಸಂಜೆ ಐದು. ಅವಳ ಸಂಶೋಧನೆಯ ಗೈಡ್ ವೀರಭದ್ರಸ್ವಾಮಿ ಎದುರಿಗೆ ನಿಂತಿದ್ದರು.

"ಲೇಖನ ಪತ್ರಿಕೆಗೆ ಕಳಿಸ್ತಿಲ್ಲಮ್ಮ. ಉಷ್ಣತೆಯ ಅಳತೆ ತಪ್ಪು ಅಂತ ಕಿರಣ್ ಬರೆದುಕೊಟ್ಟಿದ್ದಾನೆ."

ಕಿರಣ್?! ನಾನು ಮಲಗಿದ್ದಾಗ? ನನಗೆ ಒಂದು ಮಾತೂ ಹೇಳದೆ?

ಕಾಡಿನ ಹಾಡಿಯಿಂದ ಬಂದ ಈ ಹುಡುಗಿಗೆ ಇದೆಲ್ಲ ಎಲ್ಲಿ ಬರುತ್ತೆ ಅಂದುಕೊಂಡನಾ?

ಕಾರಿಡಾರಿನಲ್ಲಿ ಅವನು ಎದುರಾದ. "ವನಿತಾ, ಒಂದು ನಿಮಿಷ..."

"ಹೇಳ್ಬೇಕಾದವ್ರಿಗೆ ಹೇಳಿದೀರಲ್ಲ, ಸಾಕು!"

ಮರುದಿನ ಬೆಳಿಗ್ಗೆ ಕೋಟೆ ತಾಲ್ಲೂಕಿನ ಬಸ್ಸು ಹತ್ತಿ, ಹ್ಯಾಂಡ್‌ಪೋಸ್ಟ್ ವೃತ್ತದಲ್ಲಿ ಇಳಿದು, ಇನ್ನೊಂದು ಬಸ್ಸಿನಲ್ಲಿ ಅಂತರಸಂತೆ ಸೇರಿದಳು. ಅಲ್ಲಿಂದ ಕಾಡಂಚಿನ ತನ್ನ ಬುಡಕಟ್ಟಿನ ಹಾಡಿಗೆ ನಡೆದಳು. ಆ ಹಾಡಿಯಿಂದ ಅಷ್ಟು ಓದಿದವಳು ಅವಳೊಬ್ಬಳೇ. ಅವಳನ್ನು ಓದಿಸಲೆಂದೇ ತಾಯಿ ಸೋಮಿ ವರ್ಷಗಟ್ಟಲೆ ಕೊಡಗಿನ ತೋಟಗಳಲ್ಲಿ ಕೂಲಿ ಮಾಡಿದ್ದಳು.

"ಯಾಕವ್ವ, ಮುದ್ದೆ ಅಂಗೇ ಬುಟ್ಟಿದ್ದೀಯ?"

"ಸಾಕಾಗೋಗದೆ ಅವ್ವ... ಇನ್ನು ಓಗಲ್ಲ."

ಸೋಮಿ ಮಗಳ ತಲೆ ನೇವರಿಸಿದಳು. "ಸಾಕಾಗಿದ್ರೆ ಮನೀಕೊ. ಓಗೋದು ಬುಡೋದು ಆಮೇಲೆ ನೋಡುವ."

ವನಿತಾ ಮಲಗಿದಳು. ದಿನಗಟ್ಟಲೆ ಮಲಗಿದಳು. ಎದ್ದರೂ ಆಯಾಸ ಹೋಗಲಿಲ್ಲ. ಮೊಬೈಲ್ ತೆಗೆದು ನೋಡುವ ಮನಸ್ಸೂ ಬರಲಿಲ್ಲ.

ಹತ್ತನೆಯ ದಿನ ಮಧ್ಯಾಹ್ನ ಅವಳು ಅಂಗಳದಲ್ಲಿ ಕೂತಿದ್ದಾಗ, ಧೂಳು ತುಂಬಿದ ಚಪ್ಪಲಿಯಲ್ಲಿ ಕಿರಣ್ ಬಂದು ನಿಂತ. ಸೋಮಿ ಅವನಿಗೆ ನೀರು ಕೊಟ್ಟು, ಇಬ್ಬರ ಮುಖವನ್ನೂ ನೋಡಿ ಒಳಗೆ ಹೋದಳು.

"ಯಾಕೆ ಬಂದ್ರಿ?"

"ತಪ್ಪು ನಂದು ಅಂತ ಹೇಳೋಕೆ." ಅವನು ನೀರಿನ ಲೋಟ ಕೆಳಗಿಟ್ಟ. "ಬೆಳಕು ನೋಡಿ ಬಿಸಿ ಅಳೆಯೋ ಯಂತ್ರ ಹೊಂದಿಸಿದ್ದು ನಾನು. ಅದು ನಾನೂರು ಡಿಗ್ರಿ ಜಾಸ್ತಿ ತೋರಿಸ್ತಿತ್ತು. ಅವತ್ತು ಮೂರು ಗಂಟೆಗೆ ಗೊತ್ತಾಯ್ತು. ನಾಲ್ಕಕ್ಕೆ ಸರ್ ಲೇಖನ ಕಳಿಸೋರಿದ್ರು. ತಡೀದೆ ಇದ್ದಿದ್ರೆ ಸುಳ್ಳು ನಿಮ್ಮ ಹೆಸರಲ್ಲಿ ಅಚ್ಚಾಗ್ತಿತ್ತು."

ಗೈಡ್‌ಗೆ ಕೊಟ್ಟ ಪತ್ರದ ಪ್ರತಿಯನ್ನು ಅವನು ಚಾಚಿದ. ‘ದೋಷ ನನ್ನದು. ವನಿತಾ ಅವರ ಕೆಲಸದಲ್ಲಿ ಲೋಪವಿಲ್ಲ’ ಎಂದು ಅದರಲ್ಲಿತ್ತು. ಗೈಡ್ ಅವಳಿಗೆ ಅದನ್ನು ಹೇಳಿರಲೇ ಇಲ್ಲ!

"ನನ್ನ ಯಾಕೆ ಎಬ್ಬಿಸ್ಲಿಲ್ಲ?"

"ಎರಡು ಸಲ ಬಂದೆ. ಅಷ್ಟು ದಣಿದು ಮಲಗಿದ್ರಿ... ಮನಸ್ಸಾಗ್ಲಿಲ್ಲ."

"ಎಬ್ಬಿಸ್ಬೇಕಿತ್ತು!" ಅವಳು ಎದ್ದು ನಿಂತಳು. "ಅದು ನನ್ನ ಕೆಲಸ. ಮೊದಲು ಗೊತ್ತಾಗ್ಬೇಕಿದ್ದಿದ್ದು ನನಗೆ. ಮರುಕ ಯಾರಿಗೆ ಬೇಕಿತ್ತು?"

ಅವನು ತಲೆ ತಗ್ಗಿಸಿದ. "ನಿಜ. ಅದೂ ನಂದೇ ತಪ್ಪು."

ಜಗಳಕ್ಕೆಂದು ಹತ್ತು ದಿನದಿಂದ ಕೂಡಿಟ್ಟಿದ್ದ ಮಾತುಗಳೆಲ್ಲ ವನಿತಾಳಿಗೆ ಮರೆತೇಹೋದವು. ಅವನ ಕಣ್ಣ ಕೆಳಗೂ ಕಪ್ಪು ಬಿದ್ದಿತ್ತು. ಇವನೂ ನಿದ್ದೆ ಮಾಡಿಲ್ಲ...

"ಯಂತ್ರ ಸರಿ ಮಾಡಿದೀನಿ," ಎಂದ ಮೆಲ್ಲಗೆ. "ಪ್ರಯೋಗ ಇನ್ನೊಂದ್ಸಲ ಮಾಡ್ಬೇಕು. ನೀವೇ ಮಾಡ್ಬೇಕು."

"ಇಷ್ಟು ಹೇಳೋಕೆ ಬಂದ್ರಾ?"

"ಇಲ್ಲ..." ಅವನು ಚಪ್ಪಲಿಯ ಧೂಳು ಕೊಡವಿದ. "ನೀವಿಲ್ದೆ ನಂಗೆ ಆಗ್ತಿಲ್ಲ ಕಣ್ರೀ. ಕೆಲಸಕ್ಕಲ್ಲ... ನಂಗೆ."

ವನಿತಾ ತಿರುಗಿ ಕಾಡಿನ ಕಡೆ ನೋಡಿದಳು.

"ನಿಮ್ದು ಜಮೀನಿರೋ ಮನೆ. ನಾನು ಹಾಡಿಯವಳು. ಮನೇಲಿ ಗೊತ್ತಾ?"

"ಹೇಳ್ದೆ. ಅವ್ವ ಎರಡು ದಿನ ಮಾತು ಬುಟ್ಟಿದ್ಲು. ಇವತ್ತು ಬೆಳಿಗ್ಗೆ ಹೊರಟಾಗ ಬಾಗಿಲವರೆಗೂ ಬಂದು, ‘ಆ ಹುಡುಗಿಗೆ ಊಟಕ್ಕೆ ಏನಿಷ್ಟ, ಕೇಳ್ಕೊಂಡು ಬಾ’ ಅಂದ್ಲು." ಅವನು ಮೊದಲ ಸಲ ನಕ್ಕ. "ಏನಂತ ಹೇಳ್ಲಿ?"

ಅಷ್ಟು ದಿನದ ಆಯಾಸವೆಲ್ಲ ಕಣ್ಣೀರಾಗಿ ಇಳಿಯಿತು. ಅವಳು ಸೆರಗಿನಲ್ಲಿ ಒರೆಸಿಕೊಂಡಳು.

"ಹುರುಳಿಕಾಳಿನ ಬಸ್ಸಾರು ಅಂತ ಹೇಳು."

"ಹೇಳು... ಅಂದ್ರಾ?"

"ಹ್ಞೂಂ... ಹೇಳು ಅಂದೆ. ಇನ್ನು ನಿಂಗೆ ‘ನೀವು, ಬನ್ನಿ’ ಅನ್ನೋ ಶಕ್ತಿ ನಂಗಿಲ್ಲ ಕಣೋ."